ಒಂದು ಕಿಲೋಮೀಟರ್ ತಂತಿ

ನಮ್ಮ ಅಬ್ಬಾ ಮೋಟಾರ್ ರಿವೈಂಡಿಂಗ್ ಮಾಡುವವರು ಎಂಬುದು ನನ್ನ ತರಗತಿಯವರಿಗೆಲ್ಲ ಗೊತ್ತು. ಬೇಸಿಗೆ ಬಂತೆಂದರೆ ದಾವಣಗೆರೆ ಸುತ್ತಮುತ್ತಲ ಹಳ್ಳಿಗಳಿಂದ ಸುಟ್ಟ ಪಂಪ್‌ಸೆಟ್ ಮೋಟಾರ್‌ಗಳು ಅಂಗಡಿ ಮುಂದೆ ಸಾಲುಗಟ್ಟುತ್ತವೆ. ಕಳೆದ ರಜೆಯಲ್ಲಿ ಅದೇ ಅಂಗಡಿಯ ಮೂಲೆಯಲ್ಲಿ ಕುಳಿತು ನಾನು ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಸುತ್ತಿದ ಸಂಗತಿ ಮಾತ್ರ ಯಾರಿಗೂ ಗೊತ್ತಿಲ್ಲ.

ತಪ್ಪು ನನ್ನದೇ. ನನ್ನ ಗೆಳೆಯನ ಭಾಯಿ ದುಬೈನಲ್ಲಿ ಕೆಲಸಕ್ಕಿದ್ದಾರೆ. ಹೋಗುವಾಗ ತಮ್ಮ ಗಿಟಾರನ್ನು ಇವನ ಕೈಗೆ ಒಪ್ಪಿಸಿ, "ಬಾರಿಸು, ಆದರೆ ಬಿಚ್ಚಬೇಡ" ಎಂದಿದ್ದರಂತೆ. ಬಿಚ್ಚಿದವನು ನಾನು. ಒಳಗಿನ ಧೂಳು ತೆಗೆಯಲು ಹೋಗಿ ಸ್ಕ್ರೂಡ್ರೈವರ್ ಜಾರಿ ಒಂದು ಪಿಕಪ್‌ನ ಸುರುಳಿಗೆ ಚುಚ್ಚಿತು. ಆಮೇಲೆ ಅದರಿಂದ ಸದ್ದೇ ಇಲ್ಲ. ಭಾಯಿ ರಜೆಗೆ ಬರಲು ಮೂರು ವಾರ ಉಳಿದಿತ್ತು. ಗೆಳೆಯ ಬೈಯಲಿಲ್ಲ, ಮಾತು ಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಪಿಕಪ್ ಎಂದರೆ ದೊಡ್ಡ ಮಾಯಾಜಾಲವೇನಲ್ಲ. ದ್ವಿತೀಯ ಪಿಯುಸಿಯಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆಯೇ ಅದು, ಫ್ಯಾರಡೆ 1831ರಲ್ಲಿ ತೋರಿಸಿದ್ದು. ಈ ಗಿಟಾರಿನಲ್ಲಿ ಆರು ತಂತಿಗಳ ಕೆಳಗೆ ಅಲ್ನಿಕೊ ಕಾಂತದ ಆರು ಪುಟ್ಟ ಸರಳುಗಳು, ಅವುಗಳ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಮೇಲೆ ಕಂಪಿಸಿದಾಗ ಸುರುಳಿಯೊಳಗಿನ ಕಾಂತೀಯ ಫ್ಲಕ್ಸ್ ಬದಲಾಗಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನೇ ದೊಡ್ಡದು ಮಾಡುತ್ತದೆ. ನೈಲಾನ್ ತಂತಿ ಹಾಕಿದರೆ ಈ ಪಿಕಪ್ ಮೂಕ.

ಅಬ್ಬಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಕಾಂತ ಚೆನ್ನಾಗಿದೆ, ಬಾಬಿನ್ ಚೆನ್ನಾಗಿದೆ. ತಂತಿ ಒಂದೇ ಹೋಗಿರೋದು. ಎಸೆಯೋದ್ಯಾಕೆ? ಸುತ್ತು" ಎಂದರು. ಜೊತೆಗೆ ಇನ್ನೊಂದು ಮಾತು: "ಹಳೇದನ್ನ ಕತ್ತರಿಸೋ ಮುಂಚೆ ಬರ್ಕೋ." ಯಾವ ಮೋಟಾರ್ ಬಂದರೂ ಅವರು ಮೊದಲು ಮಾಡುವುದು ಅದನ್ನೇ. ಎಷ್ಟು ಸುತ್ತು, ಯಾವ ಗೇಜ್, ಯಾವ ದಿಕ್ಕು, ಎಲ್ಲವೂ ಎಣ್ಣೆ ಕಲೆಯ ನೋಟ್‌ಬುಕ್ಕಿನಲ್ಲಿ. ನನಗೆ ಅವಸರ. ಬ್ಲೇಡ್ ಹಾಕಿ ಹಳೆಯ ತಂತಿಯನ್ನು ಸೀಳಿ ತೆಗೆದೇಬಿಟ್ಟೆ.

ಇಂಥ ಪಿಕಪ್‌ಗೆ 42 ಗೇಜ್ ತಂತಿ, ಸುಮಾರು 8,000 ಸುತ್ತು ಎಂದು ಓದಿಕೊಂಡಿದ್ದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ "42 ಗೇಜ್" ಎಂದು ಬರೆದು ಕಳಿಸಿದೆ. ಬಂತು, ಸುತ್ತಿದೆ. 3,000 ದಾಟುವಷ್ಟರಲ್ಲಿ ಬಾಬಿನ್ ತುಂಬಿ ತುಳುಕಿತು. ಲ್ಯಾಬ್‌ನಿಂದ ತಂದಿದ್ದ ಮಲ್ಟಿಮೀಟರ್ ಇಟ್ಟರೆ ಒಂದು ಕಿಲೋ ಓಮ್ ಕೂಡ ಇಲ್ಲ. ಗಿಟಾರಿನ ಉಳಿದೆರಡು ಪಿಕಪ್‌ಗಳು ಆರರ ಆಸುಪಾಸು ತೋರಿಸುತ್ತಿದ್ದವು. ಆಮೇಲೆ ತಿಳಿಯಿತು: ನಾನು ಓದಿದ್ದು ಅಮೆರಿಕದ ಗೇಜ್, ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರ ಎಸ್‌ಡಬ್ಲ್ಯುಜಿ. ಅಮೆರಿಕದ 42 ಎಂದರೆ 0.063 ಮಿಲಿಮೀಟರ್, ನಮ್ಮ 42 ಎಂದರೆ 0.1. ನನಗೆ ಬೇಕಿದ್ದದ್ದು ಇಲ್ಲಿಯ 46. ಅಬ್ಬಾ ನಕ್ಕು, "ನಂಬರ್ ಕೇಳಬೇಡ, ಮಿಲಿಮೀಟರ್ ಕೇಳು" ಎಂದರು. ಒಂದು ವಾರ ಹೋಯಿತು.

ಸರಿಯಾದ ತಂತಿ ಬಂದಾಗ ಹೆದರಿಕೆಯಾಯಿತು. ಕೂದಲಿನಷ್ಟು ತೆಳು. ಅಬ್ಬಾ ಬಳಸುವ ಕೈ ತಿರುಗಣೆಯ ವೈಂಡಿಂಗ್ ಮಶೀನಿಗೇ ಬಾಬಿನ್ ಬಿಗಿದೆ; ಸುತ್ತು ಎಣಿಸುವ ಕೌಂಟರ್ ಅದರಲ್ಲೇ ಇದೆ. ಪಿಕಪ್ ಬಾಬಿನ್ ಉದ್ದುದ್ದ ಇರುವುದರಿಂದ ಒಂದೊಂದು ಸುತ್ತಿನಲ್ಲೂ ಎರಡು ಸಲ ತಂತಿ ಜಗ್ಗುತ್ತದೆ, ಎರಡು ಸಲ ಸಡಿಲವಾಗುತ್ತದೆ. ಬಿಗಿ ಹಿಡಿದರೆ ಪಟ್ಟನೆ ಕಡಿಯುತ್ತದೆ. ಸಡಿಲ ಬಿಟ್ಟರೆ ಸುರುಳಿ ಉಬ್ಬುತ್ತದೆ. 1,900ರಲ್ಲಿ ಕಡಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದರೆ 4,100ರಲ್ಲಿ ಕಡಿಯಿತು. ಅಳು ಬಂತು ಅಂತ ಬರೆಯಲು ಈಗ ನಾಚಿಕೆಯಿಲ್ಲ.

ದಾರಿ ತೋರಿಸಿದವಳು ಆಪಾ. ಅವಳು ಜರಿ ಕಸೂತಿ ಮಾಡುತ್ತಾಳೆ. ನಾನು ತಿರುಗಿಸಿದೆ, ಅವಳು ಎರಡು ಬೆರಳ ನಡುವೆ ಮಖಮಲ್ ತುಂಡಿಟ್ಟು ತಂತಿ ಹಾಯಿಸಿದಳು. ಫೆಂಡರ್ ಕಂಪನಿಯಲ್ಲಿ 1950ರ ದಶಕದಲ್ಲಿ ಸೇರಿ ದಶಕಗಳ ಕಾಲ ಪಿಕಪ್ ಸುತ್ತಿದ ಅಬಿಗೈಲ್ ಯಬಾರಾ ಎಂಬ ಮಹಿಳೆಯ ಹೆಸರು ಗಿಟಾರ್ ಲೋಕದಲ್ಲಿ ದೊಡ್ಡದು ಎಂದು ಅವಳಿಗೆ ಹೇಳಿದೆ. "ಮಾತಾಡಬೇಡ, ಕೈ ಅಲುಗುತ್ತೆ" ಎಂದಳು. 7,600ಕ್ಕೆ ನಿಲ್ಲಿಸಿದೆವು. ಮೀಟರ್ 6.2 ಕಿಲೋ ಓಮ್ ತೋರಿಸಿತು. ಲೆಕ್ಕ ಹಾಕಿದರೆ ಹೆಬ್ಬೆಟ್ಟಿನಗಲದ ಆ ವಸ್ತುವಿನೊಳಗೆ ಒಂದು ಕಿಲೋಮೀಟರ್‌ಗಿಂತ ಹೆಚ್ಚು ತಂತಿ ಇತ್ತು.

ಕೊನೆಗೆ ಮೇಣ. ಸುರುಳಿಯ ಎಳೆಗಳು ಒಳಗೇ ನಡುಗಿದರೆ ಆಂಪ್ಲಿಫೈಯರ್ ಕೀರಲು ಸದ್ದು ಮಾಡುತ್ತದೆ, ಅದಕ್ಕೇ ಮೇಣದಲ್ಲಿ ಅದ್ದುತ್ತಾರೆ. ಅಬ್ಬಾ ಮೋಟಾರಿಗೆ ವಾರ್ನಿಷ್ ಕುಡಿಸುವ ಹಾಗೆಯೇ. ಮೇಣವನ್ನು ನೇರ ಉರಿಯ ಮೇಲಿಡಬಾರದು, ಬೆಂಕಿ ಹತ್ತುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಬೇಕು. ಅಮ್ಮಿ ಪಾತ್ರೆ ಕೊಡಲಿಲ್ಲ. ಅಂಗಡಿಯ ಚಹಾ ಪಾತ್ರೆ ಬಲಿಯಾಯಿತು.

ಭಾಯಿ ಬಂದರು. ಪ್ಲಗ್ ಹಾಕಿ ಒಂದೊಂದೇ ಪಿಕಪ್ ಬಾರಿಸಿದರು, ಮೂರೂ ಮಾತಾಡಿದವು. ಗೆಳೆಯ ನನ್ನ ಕಡೆ ನೋಡಿ ಉಸಿರು ಬಿಟ್ಟ. ಆಮೇಲೆ ಅವರು ಸ್ವಿಚ್ಚನ್ನು ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡುವ ಜಾಗಕ್ಕೆ ತಂದರು. ಸದ್ದು ತಗಡಿನ ಡಬ್ಬಿಯಂತೆ ತೆಳ್ಳಗಾಯಿತು. ಒಂದರ ವೋಲ್ಟೇಜ್ ಏರುವಾಗ ಇನ್ನೊಂದರದು ಇಳಿಯುತ್ತಿತ್ತು, ಎರಡೂ ಒಂದನ್ನೊಂದು ತಿಂದುಹಾಕುತ್ತಿದ್ದವು. ನಾನು ಉಲ್ಟಾ ದಿಕ್ಕಿನಲ್ಲಿ ಸುತ್ತಿದ್ದೆ.

"ಇದನ್ನ ಯಾರು ಬಿಚ್ಚಿದ್ದು?" ಎಂದು ತಮ್ಮನನ್ನೇ ಕೇಳಿದರು. ಅವನು ನೆಲ ನೋಡಿದ. ಸುಮ್ಮನಿದ್ದಿದ್ದರೆ ಅವನೇ ಹೊತ್ತುಕೊಳ್ಳುತ್ತಿದ್ದ ಎಂದು ನನಗೆ ಗೊತ್ತಿತ್ತು. "ನಾನು ಭಾಯಿ. ಹಾಳು ಮಾಡಿದ್ದೂ ನಾನೇ, ಸುತ್ತಿದ್ದೂ ನಾನೇ" ಎಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಪಿಕಪ್ ಹೊರತೆಗೆದು ತಿರುಗಿಸಿ ನೋಡಿ, "ಸೋಲ್ಡರ್ ಗನ್ ತಗೊಂಡು ಬಾ" ಎಂದರು. ಎರಡು ವೈರ್ ಅದಲು ಬದಲು ಮಾಡಿದ್ದಷ್ಟೇ, ಸದ್ದು ತುಂಬಿಕೊಂಡಿತು. ಗೆಳೆಯ ಆ ಸಂಜೆ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬಂದ, ದಾರಿಯುದ್ದಕ್ಕೂ ಬೈಯುತ್ತಾ.

ಅಬ್ಬಾನ ನೋಟ್‌ಬುಕ್ಕಿನಲ್ಲಿ ಐದು ಎಚ್‌ಪಿ ಮೋಟಾರೊಂದರ ಕೆಳಗೆ ಈಗ ನನ್ನ ಅಕ್ಷರದ ಒಂದು ಸಾಲಿದೆ: ಗಿಟಾರ್, 0.06, 7,600, ದಿಕ್ಕು ಉಲ್ಟಾ. ಭಾಯಿ ವಾಪಸ್ ಹೋಗುವ ಮುಂಚೆ ನಡುವಿನ ಪಿಕಪ್ ಕೂಡ ಕರಕರ ಅನ್ನುತ್ತಿದೆ, ನೋಡು ಎಂದು ಹೇಳಿ ಹೋಗಿದ್ದಾರೆ. ಹಾಗಾಗಿ ಲ್ಯಾಬ್‌ನ ಮಲ್ಟಿಮೀಟರ್ ಇನ್ನೊಂದು ವಾರ ನನ್ನ ಬಳಿಯೇ ಇರುತ್ತದೆ. ಭೌತಶಾಸ್ತ್ರದ ಸರ್ ಕ್ಷಮಿಸಬೇಕು.