ಮಲಪ್ರಭೆಯ ದಂಡೆಯಲ್ಲಿ ಕಡಲ ಎಣ್ಣೆಯ ಮಾತು

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಈ ನಾಲ್ಕು ಊರುಗಳಿಗೂ ಸಮುದ್ರಕ್ಕೂ ಮೇಲ್ನೋಟಕ್ಕೆ ಯಾವ ನಂಟೂ ಕಾಣುವುದಿಲ್ಲ. ಎಲ್ಲಿ ನೋಡಿದರೂ ಎರಿ ಭೂಮಿ. ಜೋಳ, ಕಡಲೆ, ಕಬ್ಬು, ಹತ್ತಿ. ನಡುನಡುವೆ ಕೋಟೆ, ಗುಡ್ಡ, ಗುಡಿ. ಆದರೆ ಈ ಸೀಮೆಯನ್ನೆಲ್ಲ ಪೋಣಿಸಿದ ದಾರವೊಂದಿದೆ, ಅದು ಮಲಪ್ರಭಾ ನದಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗಿ, ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ತಾಲ್ಲೂಕಿನ ಮಳೆ ಎರಡು ಕಡಲಿಗೆ ಹಂಚಿಹೋಗುತ್ತದೆ!

ಕಳೆದ ಹತ್ತಿ ಸುಗ್ಗಿಯಲ್ಲಿ ಅಕ್ಕನ ಇಬ್ಬರು ಮಕ್ಕಳನ್ನು ಕರೆದುಕೊಂಡು ಎರಡು ದಿನ ಈ ದಾರಿಯಲ್ಲಿ ತಿರುಗಿದೆ. ಏಳನೇ ತರಗತಿಯ ಹುಡುಗಿಗೆ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ಚಿಂತೆ. ಕಡಲಿಗೆ ಚೆಲ್ಲಿದ ಎಣ್ಣೆಯನ್ನು ತಾನೇ ಹುಡುಕಿ ತೆಗೆಯುವ ರೋಬೋಟ್ ದೋಣಿಯ ಮಾದರಿ ಮಾಡಬೇಕೆಂದು ಅವಳ ಹಟ. ಐದನೆಯ ತರಗತಿಯ ತಮ್ಮನಿಗೆ ಮಿರ್ಚಿ ಭಜಿಯದ್ದೇ ಚಿಂತೆ. ಇಬ್ಬರ ಪ್ರಶ್ನೆಗಳೂ ದಾರಿಯುದ್ದಕ್ಕೂ ಮುಗಿಯಲಿಲ್ಲ.

ಕಿತ್ತೂರು: ಧ್ರುವ ನಕ್ಷತ್ರದ ಕಿಂಡಿ

ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಕಿತ್ತೂರು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಬ್ರಿಟಿಷರನ್ನು ಸೋಲಿಸಿದ್ದು, ಥ್ಯಾಕರೆ ಹತನಾದದ್ದು ಇಲ್ಲಿಯೇ. ಅರಮನೆ ಈಗ ಮುರಿದ ಗೋಡೆಗಳ ಸಾಲು. ಅದರಲ್ಲೂ ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಇರಿಸಿದ್ದ ಕಿಂಡಿಯನ್ನು ಇಂದಿಗೂ ತೋರಿಸುತ್ತಾರೆ. ಹುಡುಗಿ ಅದಕ್ಕೆ ಕಣ್ಣಿಟ್ಟು ಕೇಳಿದಳು: “ಮಾಮಾ, ನಡುಸಮುದ್ರದಾಗ ಯಂತ್ರಕ್ಕ ದಾರಿ ಹೆಂಗ ಗೊತ್ತಾಗತೈತಿ?”

ಹಿಂದಿನ ನಾವಿಕರು ಧ್ರುವ ನಕ್ಷತ್ರ ನೋಡಿ ದಿಕ್ಕು ತಿಳಿಯುತ್ತಿದ್ದರು. ಇಂದಿನ ಯಂತ್ರಗಳಿಗೆ ಆ ಕೆಲಸವನ್ನು ಉಪಗ್ರಹಗಳು ಮಾಡುತ್ತವೆ. 2010ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ‘ಸೀಸ್ವಾರ್ಮ್’ ಎಂಬ ರೋಬೋಟ್ ಮಾದರಿ ಮಾಡಿದರು. ಉದ್ದ 16 ಅಡಿ, ಅಗಲ 7 ಅಡಿ. ಮುಂದೆ ಸೌರಫಲಕ ಹೊತ್ತ ತಲೆ, ಹಿಂದೆ ನೀರಿನ ಮೇಲೆ ಹಾಸಿಕೊಂಡು ಸುತ್ತುವ ಪಟ್ಟಿ. ಆ ಪಟ್ಟಿಯ ಮೇಲಿನ ವಿಶೇಷ ಹೊದಿಕೆ ನೀರನ್ನು ಬಿಟ್ಟು ಎಣ್ಣೆಯನ್ನು ಮಾತ್ರ, ತನ್ನ ತೂಕದ 20 ಪಟ್ಟು ಹೀರಬಲ್ಲದು. ಪಟ್ಟಿ ಸುತ್ತಲು 100 ವ್ಯಾಟ್ ವಿದ್ಯುತ್ ಸಾಕು, ಹಳೆಯ ಕಾಲದ ಒಂದು ಬಲ್ಬಿನಷ್ಟು. ಇಂಥ ಯಂತ್ರ ಒಂದೇ ಹೋದರೆ ಪ್ರಯೋಜನವಿಲ್ಲ, ಹಿಂಡು ಹಿಂಡಾಗಿ ಹೋಗಬೇಕು. ಒಂದಕ್ಕೊಂದು ಸಂದೇಶ ಕಳಿಸುತ್ತ, ಎಣ್ಣೆ ಹರಡಿದ ಅಂಚನ್ನು ಮೊದಲು ಹುಡುಕಿ, ಅಲ್ಲಿಂದ ಒಳಕ್ಕೆ ಸರಿಯುತ್ತ ತೆಗೆಯಬೇಕು. ನಮ್ಮ ಕಡೆ ಹೊಲದ ಬದುವಿನಿಂದ ಶುರು ಮಾಡಿ ಆಳುಗಳು ಸಾಲುಗಟ್ಟಿ ಕಳೆ ತೆಗೆಯುತ್ತ ಬರುವಂತೆ ಅನ್ನಿ.

ಬೈಲಹೊಂಗಲ: ಬೆಲೆ ಸಿಗದ ಹತ್ತಿ

ಕಿತ್ತೂರಿನಿಂದ ಎಂ.ಕೆ.ಹುಬ್ಬಳ್ಳಿಗೆ ಬಂದು, ನದಿಯ ನಡುವೆ ಇರುವ ಗಂಗಾಂಬಿಕೆಯ ಐಕ್ಯಮಂಟಪ ನೋಡಿಕೊಂಡು ಬೈಲಹೊಂಗಲ ತಲುಪಿದೆವು. ಚೆನ್ನಮ್ಮನನ್ನು ಸೆರೆಯಲ್ಲಿಟ್ಟ ಊರು ಇದು. 1829ರ ಫೆಬ್ರುವರಿ 2ರಂದು ಆಕೆ ತೀರಿಕೊಂಡದ್ದೂ ಇಲ್ಲಿಯೇ. ಸಮಾಧಿಗೆ ಕೈಮುಗಿದು ಪೇಟೆಗೆ ಬಂದರೆ ಎಲ್ಲೆಲ್ಲೂ ಹತ್ತಿ. ಟ್ರ್ಯಾಕ್ಟರಿನಲ್ಲಿ, ಅಂಡಿಗೆಯಲ್ಲಿ, ರಸ್ತೆಬದಿಯ ಜಾಲಿಮುಳ್ಳಿನಲ್ಲಿ ಕೂಡ!

ಒಬ್ಬ ರೈತ ತನ್ನ ಹತ್ತಿಯ ಪಕ್ಕದಲ್ಲಿ ಸಪ್ಪಗೆ ಕುಳಿತಿದ್ದ. “ಯಾಕ್ರೀ ಯಜಮಾನ್ರ, ಮಾರಾಟ ಆಗ್ಲಿಲ್ಲೇನು?” ಅಂದೆ. “ಬಲೀಲಾರದ ಕಾಯಿ ಹತ್ತಿ ನೋಡ್ರಿ ಸರ. ಹಿಂಗಾರಿ ಮಳಿ ಹೊಡೀತು. ದಲಾಲ್ರು ಒಂದ್ ಎಳಿ ಜಗ್ಗಿ ನೋಡ್ತಾರ, ಕೈ ಝಾಡಿಸಿ ಹೋಗ್ತಾರ” ಅಂದ.

ಅದೇ ಹತ್ತಿಗೆ ಒಂದು ವಿಶೇಷ ಗುಣವಿದೆ. ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ವಿಜ್ಞಾನಿ ಶೇಷಾದ್ರಿ ರಾಮ್‌ಕುಮಾರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಸರಿಯಾಗಿ ಬಲಿಯದ, ಬಟ್ಟೆಗೆ ಬಾರದ ಹಸಿ ಹತ್ತಿ ತನ್ನ ತೂಕದ 30 ಪಟ್ಟಿಗೂ ಹೆಚ್ಚು ಕಚ್ಚಾ ಎಣ್ಣೆ ಹೀರಿತು. ಹಸಿ ಹತ್ತಿಯ ಎಳೆಯ ಮೇಲೆ ತೆಳ್ಳನೆಯ ಮೇಣದ ಪದರವಿರುತ್ತದೆ. ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ, ಮೇಣಕ್ಕೂ ಎಣ್ಣೆಗೂ ಗೆಳೆತನ.

ಮಕ್ಕಳೇ, ಇದನ್ನು ನೀವು ಮನೆಯಲ್ಲೇ ನೋಡಬಹುದು. ಎರಡು ಬಟ್ಟಲಲ್ಲಿ ನೀರು ಹಾಕಿ, ಒಂದೊಂದು ಚಮಚ ಶೇಂಗಾ ಎಣ್ಣೆ ಬಿಡಿ. ಒಂದಕ್ಕೆ ಔಷಧದಂಗಡಿಯ ಹತ್ತಿ, ಇನ್ನೊಂದಕ್ಕೆ ಗಿಡದಿಂದ ಬಿಡಿಸಿ ಕಾಳು ತೆಗೆದ ಹತ್ತಿ ಹಾಕಿ. ಔಷಧದಂಗಡಿಯ ಹತ್ತಿಯನ್ನು ಕುದಿಸಿ ತೊಳೆದು ಮೇಣ ತೆಗೆದಿರುತ್ತಾರೆ. ಅದು ನೀರು ಕುಡಿದು ಮುಳುಗುತ್ತದೆ. ಹಸಿ ಹತ್ತಿ ತೇಲುತ್ತಲೇ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಬಳಿಕ ಆ ಹತ್ತಿಯನ್ನು ಮೋರಿಗೆ ಎಸೆಯಬೇಡಿ, ದೀಪದ ಬತ್ತಿ ಮಾಡಿ.

ಹುಡುಗಿ ರೈತನಿಂದ ಒಂದು ಹಿಡಿ ಹತ್ತಿ ಕೇಳಿ ಪಡೆದಳು. ವಿಷಯ ಕೇಳಿದ ಆತ ನಕ್ಕು, “ಹಂಗಾದ್ರ ಸಮುದ್ರದವ್ರಿಗೆ ಹೇಳವ್ವ, ಬೈಲಹೊಂಗಲಕ್ಕ ಬಾ ಅಂತ” ಅಂದ. ಆ ಮಾತು ಬರೀ ತಮಾಷೆಯಲ್ಲ. ಪೇಟೆಯಲ್ಲಿ ಬೆಲೆ ಬಾರದ ಹತ್ತಿಗೆ ಇಂಥದೊಂದು ಬಳಕೆ ಬಂದರೆ, ಮಳೆಗೆ ಸಿಕ್ಕ ಹೊಲದವನಿಗೂ ನಾಲ್ಕು ಕಾಸು ಸಿಕ್ಕೀತು.

ಸವದತ್ತಿ: ಎಣ್ಣೆಹೊಂಡ ಮತ್ತು ಜಲಾಶಯ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಗಟ್ಟಲೆ ಜನ. ‘ಉಧೋ ಉಧೋ’ ಅನ್ನುತ್ತ ಭಂಡಾರ ತೂರಿ, ಇಡೀ ಗುಡ್ಡವನ್ನೇ ಹಳದಿ ಮಾಡುತ್ತಾರೆ. ಅಲ್ಲಿ ಭಕ್ತರು ಮೀಯುವ ಹೊಂಡದ ಹೆಸರೇ ಎಣ್ಣೆಹೊಂಡ. “ಇದರಾಗ ಖರೇನ ಎಣ್ಣಿ ಐತೇನು ಮಾಮಾ?” ಎಂದು ಸಣ್ಣವನು ಬಗ್ಗಿ ನೋಡಿದ. ಹೆಸರಿಗಷ್ಟೇ ಎಣ್ಣೆ, ಇರುವುದು ನೀರು.

ಒಂದು ಚಮಚ ಎಣ್ಣೆ ಎಷ್ಟು ಜಾಗ ಹಿಡಿದೀತು ಗೊತ್ತೆ? ಸುಮಾರು 250 ವರ್ಷಗಳ ಹಿಂದೆ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಹತ್ತಿರದ ಒಂದು ಕೊಳಕ್ಕೆ ಒಂದು ಚಮಚ ಎಣ್ಣೆ ಸುರಿದು ನೋಡಿದ. ಅದು ಹರಡುತ್ತ ಹರಡುತ್ತ ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯಂತೆ ನಯ ಮಾಡಿತು. ಅರ್ಧ ಎಕರೆ ಅಂದರೆ 20 ಗುಂಟೆ!

ಗುಡ್ಡದಿಂದ ನವಿಲುತೀರ್ಥಕ್ಕೆ ಬಂದೆವು. ಎರಡು ಗುಡ್ಡಗಳ ನಡುವೆ ಮಲಪ್ರಭೆಗೆ ಕಟ್ಟಿದ ಅಣೆಕಟ್ಟೆ ಇದು. ಹಿಂದೆ ಕಣ್ಣು ಹಾಯುವಷ್ಟು ದೂರ ರೇಣುಕಾಸಾಗರ. ತುಂಬಿದಾಗ 37.73 ಟಿಎಂಸಿ ಅಡಿ ನೀರು. ಸಮುದ್ರ ಕಾಣದ ಮಕ್ಕಳಿಗೆ ಇದೇ ಸಮುದ್ರ. ದಂಡೆಯ ಮೇಲೆ ಕೂತು, ಚಮಚದ ಲೆಕ್ಕ ಬಿಟ್ಟು ಟನ್ನಿನ ಲೆಕ್ಕಕ್ಕೆ ಬಂದೆವು.

2006ರ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಹಡಗು ಕಾರವಾರದ ಸಮೀಪ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದದ್ದು ಸುಮಾರು 650 ಟನ್ ಇಂಧನ. ಸೋರಿದ ಎಣ್ಣೆ ಕಾರವಾರದಿಂದ ಗೋವೆಯ ಮರಳಿನವರೆಗೆ ಹೋಯಿತು. 2022ರ ಜೂನ್ 21ರಂದು ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಹತ್ತಿರ ಕೂತುಬಿಟ್ಟಿತು. 15 ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆ ಉಳಿಸಿತು, ಹಡಗಿನ ಇಂಧನ ಸೋರೀತೆಂದು ಕರಾವಳಿ ಹೆದರಿ ಕೂತಿತು. 2025ರ ಮೇ 25ರಂದು ಕೊಚ್ಚಿಯ ಆಚೆ ‘ಎಂಎಸ್‌ಸಿ ಎಲ್ಸಾ 3’ 640 ಕಂಟೇನರುಗಳ ಸಮೇತ ಮುಳುಗಿತು. ಅದರಲ್ಲಿ 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್.

ಈ ಮೂರು ತಾರೀಖುಗಳನ್ನು ಮತ್ತೊಮ್ಮೆ ನೋಡಿ. ಮೂರೂ ಮುಂಗಾರಿನ ಬಾಗಿಲಲ್ಲಿ ಇವೆ. ಮೀನು ಮೊಟ್ಟೆಯಿಡುವ ಕಾಲವೆಂದು ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳನ್ನು ಜೂನ್, ಜುಲೈ ಎರಡು ತಿಂಗಳು ದಡದಲ್ಲಿ ನಿಲ್ಲಿಸುತ್ತಾರೆ. ಆಗಲೇ ಎಣ್ಣೆ ಚೆಲ್ಲಿದರೆ ಮುಂದಿನ ವರ್ಷದ ಬಲೆಗೇ ಪೆಟ್ಟು. ಕಡಲ ಹಕ್ಕಿಯ ರೆಕ್ಕೆಗೆ ಎಣ್ಣೆ ಹತ್ತಿದರೆ ಅದು ಹಾರಲಾರದು, ಮೈ ಬೆಚ್ಚಗಿಡಲಾರದು.

“ಹಂಗಾದ್ರ ರೋಬೋಟ್ ಬಿಟ್ಟಬಿಡೋದಲ್ಲ?” ಅಂದಳು ಹುಡುಗಿ. ತೊಡಕು ಇರುವುದು ಅಲ್ಲಿಯೇ. ಮುಂಗಾರಿನ ಅರಬ್ಬಿ ಸಮುದ್ರದಲ್ಲಿ ಅಲೆಗಳು ಮನೆಯೆತ್ತರ. 16 ಅಡಿಯ ತೇಲುಯಂತ್ರ ಅಲ್ಲಿ ತರಗೆಲೆ. ಅಲೆ ಎಣ್ಣೆಯನ್ನು ನೀರಿನೊಡನೆ ಕಡೆದು ಮಜ್ಜಿಗೆಯಂತೆ ಮಾಡುತ್ತದೆ, ಆಮೇಲೆ ಹೀರುವುದು ಇನ್ನೂ ಕಷ್ಟ. ಸೀಸ್ವಾರ್ಮ್ ಶಾಂತವಾದ ಚಾರ್ಲ್ಸ್ ನದಿಯಲ್ಲಿ ಈಜಿ ತೋರಿಸಿತು, ದೊಡ್ಡ ಸೋರಿಕೆಯ ಕೆಲಸಕ್ಕೆ ಇಳಿಯಲಿಲ್ಲ. ನಮ್ಮಲ್ಲಿ ಇಂದಿಗೂ ಈ ಹೊಣೆ ಕರಾವಳಿ ಕಾವಲು ಪಡೆಯದು. ‘ಸಮುದ್ರ ಪ್ರಹರಿ’ಯಂಥ ಹಡಗುಗಳು ತೇಲುಬೇಲಿ ಹಾಕಿ, ಎಣ್ಣೆಯನ್ನು ಒಂದೆಡೆ ಕೂಡಿಸಿ ಎತ್ತುತ್ತವೆ. ಆ ಹಡಗಿನಲ್ಲಿ ನಿಂತವರು ಮನುಷ್ಯರೇ.

ಹಾಗೆಂದು ತಾನೇ ಓಡಾಡುವ ಯಂತ್ರಗಳು ಕೆಲಸಕ್ಕೆ ಬಂದೇ ಇಲ್ಲವೆಂದಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆಬಾವಿಯ ಅಟ್ಟಣಿಗೆ ಸಿಡಿದು 11 ಮಂದಿ ಸತ್ತರು. 87 ದಿನ ಎಣ್ಣೆ ಉಕ್ಕಿತು. ಆಗ ‘ಸೆಂಟ್ರಿ’ ಎಂಬ ಸ್ವಯಂಚಾಲಿತ ಯಂತ್ರ ಕಡಲಾಳದಲ್ಲಿ ಓಡಾಡಿ, ಸುಮಾರು 1,100 ಮೀಟರ್ ಕೆಳಗೆ 35 ಕಿಲೋಮೀಟರಿಗೂ ಉದ್ದವಾಗಿ ಹರಡಿದ್ದ ಎಣ್ಣೆಯ ಮೋಡವನ್ನು ಪತ್ತೆ ಮಾಡಿತು. ಮೇಲಿನಿಂದ ಯಾರ ಕಣ್ಣಿಗೂ ಬೀಳದ ಎಣ್ಣೆ ಅದು. ಸದ್ಯಕ್ಕೆ ರೋಬೋಟಿನ ದೊಡ್ಡ ಉಪಕಾರ ಹುಡುಕಿ ಹೇಳುವುದರಲ್ಲಿದೆ. ಕಸಬರಿಗೆ ಹಿಡಿಯುವ ಕೆಲಸವನ್ನು ಅದಕ್ಕೆ ಇನ್ನೂ ಕಲಿಸಬೇಕಾಗಿದೆ.

ರಾಮದುರ್ಗ: ನದಿ ಒಯ್ಯುವ ಗಂಟು

ಕೊನೆಯ ಊರು ರಾಮದುರ್ಗ. ಮಗ್ಗದ ಸದ್ದಿನ ಊರು, ಹಿಂದೆ ಪುಟ್ಟ ಸಂಸ್ಥಾನ. ಸಮೀಪದ ಸುರೇಬಾನದಲ್ಲಿ ಶಬರಿಕೊಳ್ಳ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಈ ತಾಲ್ಲೂಕಿನ ಮನೆ, ಮಗ್ಗ, ಬೆಳೆ ಎಲ್ಲವನ್ನೂ ಕೆಡವಿ ಹೋಯಿತು. ಇಲ್ಲಿಯ ಜನಕ್ಕೆ ನದಿ ಏನೆಲ್ಲ ಹೊತ್ತೊಯ್ಯುತ್ತದೆ ಎಂದು ಯಾರೂ ಪಾಠ ಹೇಳಬೇಕಿಲ್ಲ.

ಸೇತುವೆಯ ಹತ್ತಿರ ಚಹಾ ಕುಡಿಯುತ್ತಿದ್ದಾಗ ಸಣ್ಣವನು ಕೈ ಮಾಡಿ ತೋರಿಸಿದ. ಟ್ರ್ಯಾಕ್ಟರೊಂದರ ಹಳೆಯ ಆಯಿಲ್ ನೆಲಕ್ಕೆ ಇಳಿದು, ಗಟಾರದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಎದ್ದಿತ್ತು. “ಮಾಮಾ, ಇದೂ ಹೊಳಿಗೇ ಹೋಗ್ತೈತೇನು?”

ಹೋಗುತ್ತದೆ. ಮೊದಲ ಮಳೆಗೆ ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ. ಹಡಗು ಮುಳುಗಿದರೆ ಪತ್ರಿಕೆಯಲ್ಲಿ ಬರುತ್ತದೆ, ಗಟಾರದ ಎಣ್ಣೆ ಎಲ್ಲಿಯೂ ಬರುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2022ರಲ್ಲಿ ಕೊಟ್ಟ ವರದಿಯ ಪ್ರಕಾರ, ಉತ್ತರ ಅಮೆರಿಕದ ಕಡಲಿಗೆ ಮನುಷ್ಯರಿಂದ ಸೇರುವ ಎಣ್ಣೆಯಲ್ಲಿ ಅತಿ ದೊಡ್ಡ ಪಾಲು ಹಡಗುಗಳದ್ದಲ್ಲ, ಊರು, ರಸ್ತೆಗಳಿಂದ ಹರಿದು ಬಂದದ್ದು. ವಾಹನ ಹೆಚ್ಚಿದಲ್ಲೆಲ್ಲ ನೀರಿಗೂ ಎಣ್ಣೆಗೂ ಇದೇ ದಾರಿ.

ಇದನ್ನು ತಡೆಯಲು ಉಪಗ್ರಹವೂ ಬೇಡ, ಸೌರಫಲಕವೂ ಬೇಡ. ಪಂಪ್‌ಸೆಟ್ಟಿನ, ಬೈಕಿನ, ಟ್ರ್ಯಾಕ್ಟರಿನ ಹಳೆಯ ಆಯಿಲನ್ನು ಡಬ್ಬಿಗೆ ಇಳಿಸಿ, ಮರುಬಳಕೆಗೆ ಕೊಳ್ಳುವವರಿಗೆ ಕೊಟ್ಟರಾಯಿತು. ನೆಲಕ್ಕೆ ಚೆಲ್ಲಿದ್ದರ ಮೇಲೆ ಒಂದು ಹಿಡಿ ಬೂದಿಯೋ ಮರದ ಹೊಟ್ಟೋ ಹಾಕಿ ಬಳಿದು ತೆಗೆದರಾಯಿತು. ಬೈಲಹೊಂಗಲದ ರೈತ ಕೊಟ್ಟಂಥ ಹತ್ತಿ ಇದ್ದರೆ ಇನ್ನೂ ಚೆಂದ. ನಡುಗಡಲಿನಲ್ಲಿ ಸಾವಿರ ರೋಬೋಟುಗಳು ಬೆನ್ನಟ್ಟಬೇಕಾದ ಎಣ್ಣೆಯನ್ನು, ಗಟಾರದ ಅಂಚಿನಲ್ಲಿ ಹತ್ತು ವರ್ಷದ ಹುಡುಗನೊಬ್ಬ ತಡೆದು ನಿಲ್ಲಿಸಬಲ್ಲ.