ಹಿಟ್ಟಿನ ಕೋಳಿಯ ಕೂಗು

ಹುಬ್ಬಳ್ಳಿಯ ಅರಿವೆ ವ್ಯಾಪಾರಿಗಳಾದ ಹಿರಿಯ ಶ್ರಾವಕರೊಬ್ಬರು 2002ರ ಬೇಸಿಗೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದ ಮಗಳ ಮನೆಗೆ ಹೋಗಿದ್ದರು. ಅಲ್ಲಿ ಮೇ ತಿಂಗಳಿನಲ್ಲಿ ಸೂರ್ಯನು ಮುಳುಗುವುದು ಎಂಟು ಗಂಟೆಯ ಸುಮಾರಿಗೆ. ರಾತ್ರಿಭೋಜನ ತ್ಯಾಗದ ವ್ರತವುಳ್ಳ ಅವರು ಏಳು ಗಂಟೆಯೊಳಗೆ ಊಟ ತೀರಿಸಿ, ಸ್ವಾಧ್ಯಾಯಕ್ಕೆಂದು ತಂದಿದ್ದ ಗ್ರಂಥವನ್ನು ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಪ್ರತಿ ಮಂಗಳವಾರ ಎಂಟು ಗಂಟೆಗೆ ಸರಿಯಾಗಿ ಹದಿನಾರು ವರ್ಷದ ಮೊಮ್ಮಗಳು ಅದೇ ಕೋಣೆಯಲ್ಲಿ ದೂರದರ್ಶನದ ಮುಂದೆ ಕೂರುವಳು. ಒಬ್ಬರ ವ್ರತಕ್ಕೆ ಇನ್ನೊಬ್ಬರ ವ್ರತ ಅಡ್ಡಿಯಾಗದಂತೆ ಧ್ವನಿಯನ್ನು ತಗ್ಗಿಸಬೇಕೆಂಬ ಒಪ್ಪಂದ ಇಬ್ಬರಲ್ಲೂ ಆಗಿತ್ತು.

ಮೇ 7ರ ಮಂಗಳವಾರ ರಾತ್ರಿ ಆ ಹುಡುಗಿ ಒಮ್ಮೆಲೇ ಚೀರಿ, ಮುಖ ಮುಚ್ಚಿಕೊಂಡು ಅತ್ತಳು. ಊಟಕ್ಕೆ ಬರಲಿಲ್ಲ. ಮರುದಿನ ಕಣ್ಣು ಬಾತುಕೊಂಡೇ ಶಾಲೆಗೆ ಹೋದಳು. ಯಾರೋ ಗೆಳತಿ ತೀರಿಕೊಂಡಿರಬೇಕೆಂದು ಬಗೆದು ಅಜ್ಜನವರು ಮಗಳನ್ನು ವಿಚಾರಿಸಿದರು. ಧಾರಾವಾಹಿಯಲ್ಲಿ ತಾರಾ ಎಂಬ ಪಾತ್ರ ಸತ್ತಿತೆಂದು ಉತ್ತರ ಬಂದಿತು. ಅವರಿಗೆ ನಗು ಬಂದದ್ದು ಸಹಜ. ಆದರೆ ವಾರದೊಳಗೆ ಆ ನಗು ಉಳಿಯಲಿಲ್ಲ.

ಆ ಧಾರಾವಾಹಿಯ ಹೆಸರು ‘ಬಫಿ ದ ವ್ಯಾಂಪೈರ್ ಸ್ಲೇಯರ್’. 1997ರ ಮಾರ್ಚಿನಿಂದ 2003ರ ಮೇ ತಿಂಗಳವರೆಗೆ 144 ಕಂತುಗಳಾಗಿ ಪ್ರಸಾರವಾದ ಇದರ ನಿರ್ಮಾತೃ ಜಾಸ್ ವೀಡನ್. ಕ್ಯಾಲಿಫೋರ್ನಿಯದ ಸನ್ನಿಡೇಲ್ ಎಂಬ ಕಲ್ಪಿತ ಊರಿನಲ್ಲಿ ಬಫಿ ಎಂಬ ಬಾಲಿಕೆ ರಾತ್ರಿ ಹೊತ್ತು ರಕ್ತಪಿಶಾಚಿಗಳನ್ನು ಸಂಹರಿಸುವಳು. ಮನುಷ್ಯನು ರಕ್ತಪಿಶಾಚಿಯಾದಾಗ ಆತ್ಮವು ಹೊರಟುಹೋಗುತ್ತದೆ, ದೇಹ ಮಾತ್ರ ನಡೆದಾಡುತ್ತದೆ ಎಂಬುದು ಅದರ ಕಟ್ಟಳೆ. ಏಂಜಲ್ ಎಂಬ ಪಿಶಾಚಿಗೆ ಶಾಪರೂಪವಾಗಿ ಆತ್ಮ ಮರಳಿ ದೊರೆತು, ತಾನು ಮಾಡಿದ ಕೊಲೆಗಳೆಲ್ಲ ನೆನಪಾಗಿ ಬೇಯುತ್ತಾನೆ. ಜೀವವಿಲ್ಲದ ಪುದ್ಗಲವು ಮಾತನಾಡಿ ತಿರುಗಾಡುವುದು ನಮ್ಮ ತತ್ತ್ವಕ್ಕೆ ಹೊಂದುವ ಮಾತಲ್ಲ. ಆ ಕಥೆಗಾರರು ಆತ್ಮವೆಂದು ಕರೆದುದನ್ನು ನಮ್ಮವರು ಪಶ್ಚಾತ್ತಾಪವೆಂದೇ ಕರೆದಾರು. ಅದು ಶಾಪವಾಗಿ ಬರುತ್ತದೆಂಬ ಕಲ್ಪನೆಯಲ್ಲಿ ಮಾತ್ರ ಒಂದು ತಥ್ಯವಿದೆ.

ಬಫಿಯ ಗೆಳತಿ ವಿಲ್ಲೋ ಮಾಟ ಬಲ್ಲವಳು. ಅವಳೂ ತಾರಾ ಎಂಬ ಸೌಮ್ಯ ಸ್ವಭಾವದ ತರುಣಿಯೂ ಪರಸ್ಪರ ಪ್ರೇಮಿಸಿ ಜೊತೆಯಾಗಿ ಬಾಳುತ್ತಿದ್ದರು. ಇದನ್ನು ಕೇಳಿ ಅಜ್ಜನವರಿಗೆ ಮೊದಲು ಮುಜುಗರವಾಯಿತು. ಮೊಮ್ಮಗಳು ಮುಜುಗರಪಡದೆ ವಿವರಿಸಿದ್ದರಿಂದ ಅವರೂ ಅದನ್ನು ಬದಿಗಿಟ್ಟು ಕೇಳಿದರು. ಮಾಟದ ಚಟ ಅತಿಯಾದುದರಿಂದ ವಿಲ್ಲೋವನ್ನು ತಾರಾ ತೊರೆದುಹೋಗಿದ್ದಳು. ಇಬ್ಬರೂ ಮತ್ತೆ ಕೂಡಿದ ಬೆನ್ನಲ್ಲೇ, ವಾರೆನ್ ಎಂಬ ದುಷ್ಟನು ಬಫಿಯ ಮೇಲೆ ಹಾರಿಸಿದ ಗುಂಡುಗಳಲ್ಲಿ ಒಂದು ಗುರಿ ತಪ್ಪಿ, ಕಿಟಕಿಯೊಳಗಿನಿಂದ ಬಂದು ತಾರಾಳ ಎದೆಯನ್ನು ಹೊಕ್ಕಿತು. ಆ ಪಾತ್ರವನ್ನು ವಹಿಸಿದ ಆಂಬರ್ ಬೆನ್ಸನ್‌ರ ಹೆಸರನ್ನು ಎರಡೂವರೆ ವರ್ಷಗಳಲ್ಲಿ ಮೊಟ್ಟಮೊದಲ ಬಾರಿಗೆ ಆರಂಭದ ಪ್ರಮುಖ ನಟವರ್ಗದ ಸಾಲಿನಲ್ಲಿ ತೋರಿಸಿದ್ದೂ ಅದೇ ಕಂತಿನಲ್ಲಿ. ಮುಖ್ಯ ಬಾಗಿಲಿನಿಂದ ಬರಮಾಡಿಕೊಂಡು ಹಿತ್ತಲಿನಿಂದ ಹೆಣ ಸಾಗಿಸಿದಂತೆ ಅನೇಕ ವೀಕ್ಷಕರಿಗೆ ಅನಿಸಿತು.

ವೀಕ್ಷಕರ ಕೋಪಕ್ಕೆ ಇನ್ನೂ ಆಳವಾದ ಕಾರಣವಿತ್ತು. ಹೆಣ್ಣು ಹೆಣ್ಣನ್ನು ಪ್ರೀತಿಸುವ ಪಾತ್ರಗಳು ಅಮೆರಿಕದ ದೂರದರ್ಶನದಲ್ಲಿ ಅಂದು ಬಹು ವಿರಳ. ಇದ್ದವುಗಳಲ್ಲಿಯೂ ಒಬ್ಬಳು ಸಾಯುವುದು, ಇನ್ನೊಬ್ಬಳು ಹುಚ್ಚಿಯಾಗುವುದು ಹಳೆಯ ಚಾಳಿ. ಈ ಧಾರಾವಾಹಿಯೂ ಅದೇ ಹಾದಿ ಹಿಡಿಯಿತೆಂದು ನಂಬಿ ನೊಂದವರು ನಿರ್ಮಾಪಕರಿಗೆ ಪ್ರತಿಭಟನೆಯ ಮಾತುಗಳನ್ನು ಬರೆದರು. ಆ ವರ್ಷ ಕಥೆಯ ಹೊಣೆ ಹೊತ್ತಿದ್ದ ಮಾರ್ಟಿ ನಾಕ್ಸನ್ ಬಹಳಷ್ಟು ನಿಂದೆಯನ್ನು ಉಣ್ಣಬೇಕಾಯಿತು. ಇದನ್ನೆಲ್ಲ ಬರಿಯ ಮೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತನ್ನಂಥವರು ಕಥೆಯಲ್ಲಿಯಾದರೂ ಬದುಕಿರಲಿ ಎಂಬ ಹಂಬಲದಲ್ಲಿ ಜೀವದಯೆಯ ಒಂದು ಅಂಶ ಇದ್ದೇ ಇದೆ.

ಅಜ್ಜನವರ ನಗು ಅಳಿದದ್ದು ಮುಂದಿನ ಮಂಗಳವಾರ, ಮೇ 14ರಂದು. ಆ ರಾತ್ರಿ ಅವರು ಗ್ರಂಥವನ್ನು ಮುಚ್ಚಿಟ್ಟು ಮೊಮ್ಮಗಳ ಪಕ್ಕದಲ್ಲಿಯೇ ಕುಳಿತರು. ದುಃಖದಿಂದ ಉನ್ಮತ್ತಳಾದ ವಿಲ್ಲೋ ಕಪ್ಪುಗೂದಲು, ಕಪ್ಪುಗಣ್ಣುಗಳ ಮಾಟಗಾತಿಯಾಗಿ ವಾರೆನ್‌ನನ್ನು ಕಾಡಿನಲ್ಲಿ ಹಿಡಿದು ಕಟ್ಟಿ, ಗುಂಡೊಂದನ್ನು ಅವನ ಎದೆಯೊಳಕ್ಕೆ ಮೆಲ್ಲಮೆಲ್ಲನೆ ತೂರಿಸಿ, ಕೊನೆಗೆ ಕ್ಷಣಾರ್ಧದಲ್ಲಿ ಅವನ ಮೈಯ ತೊಗಲನ್ನೇ ಸುಲಿದಳು. ಅಜ್ಜನವರು ಕಣ್ಣು ಮುಚ್ಚಿಕೊಂಡರು. ಮೊಮ್ಮಗಳು ಮುಚ್ಚಲಿಲ್ಲ. ‘ಹಂಗೇ ಆಗಬೇಕಿತ್ತು ಅವನಿಗೆ’ ಎಂದಳು. ಪರ್ಯುಷಣದಲ್ಲಿ ಗಡ್ಡೆಗೆಣಸು ಬಿಡುವ, ಅಡಿಗೆಮನೆಯ ಇರುವೆಯನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟುಬರುವ ಹುಡುಗಿ ಅವಳು.

ಆ ಕಂತುಗಳಲ್ಲಿಯೇ ಇನ್ನೊಂದು ಸಂಗತಿ ನಡೆದಿತ್ತು. ಸ್ಪೈಕ್ ಎಂಬ ಪಿಶಾಚಿ, ತನ್ನನ್ನು ತೊರೆದ ಬಫಿಯ ಮೇಲೆ ಬಲಾತ್ಕಾರಕ್ಕೆ ಯತ್ನಿಸಿದ್ದನು. ಆ ಪಾತ್ರವನ್ನು ಮೆಚ್ಚಿದ್ದವರಲ್ಲಿ ಕೆಲವರು ಅವನನ್ನು ಅಂದೇ ತೊರೆದರು. ಕೆಲವರು ಅಂಥ ಕೃತ್ಯವನ್ನು ಅವನ ತಲೆಗೆ ಕಟ್ಟಿದ ಲೇಖಕರದೇ ತಪ್ಪೆಂದರು. ವಾರೆನ್‌ನ ಪಾಪಕ್ಕೆ ವಾರೆನ್ ಹೊಣೆ, ಸ್ಪೈಕ್‌ನ ಪಾಪಕ್ಕೆ ಬರೆದವರು ಹೊಣೆ! ರಾಗದ ತಕ್ಕಡಿಯಲ್ಲೊಂದು ತೂಕ, ದ್ವೇಷದ ತಕ್ಕಡಿಯಲ್ಲೊಂದು ತೂಕ. ಅಂಗಡಿಯಲ್ಲಿ ಹೀಗೆ ಎರಡು ಬಟ್ಟು ಇಟ್ಟುಕೊಂಡವನನ್ನು ಯಾರೂ ಸಾಹುಕಾರನೆನ್ನುವುದಿಲ್ಲ.

ಮರುದಿನ ಸಂಜೆ ಅಜ್ಜನವರು ಮೊಮ್ಮಗಳನ್ನು ಕರೆದು ಲೆಕ್ಕವೊಂದನ್ನು ಹೇಳಿದರು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜೀವನು ಕರ್ಮಾಸ್ರವಕ್ಕೆ ಆಧಾರನಾಗುವ ಬಗೆಗಳನ್ನು ಎಣಿಸಿದ್ದಾರೆ. ಸಂಕಲ್ಪ, ಸಿದ್ಧತೆ, ಆರಂಭ ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂದು ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂದು ನಾಲ್ಕು. ಗುಣಿಸಿದರೆ 108. ಅದರಲ್ಲಿ ಮೂರನೆಯ ಒಂದು ಪಾಲು, ಅಂದರೆ 36, ಬರಿಯ ಮೆಚ್ಚುಗೆಯವು. ಕೈ ಎತ್ತದೆಯೇ ಕಟ್ಟಿಕೊಳ್ಳಬಹುದಾದ ಕರ್ಮ ಇಷ್ಟಿದೆ ಎಂದರು.

ಸತ್ತವನು ಮನುಷ್ಯನಲ್ಲ, ನಟನು ಆರಾಮವಾಗಿ ಮನೆಗೆ ಹೋಗಿದ್ದಾನೆ ಎಂದು ಹುಡುಗಿ ನುಡಿದಳು. ಆಗ ಅಜ್ಜನವರು ಯಶೋಧರನ ಕಥೆಯನ್ನು ತೆಗೆದರು. ಜನ್ನನು 1209ರಲ್ಲಿ ಕನ್ನಡಿಸಿದ ಆ ಕಥೆಯನ್ನು ಅವರು ಎಳವೆಯಲ್ಲಿಯೇ ಬಸದಿಯಲ್ಲಿ ಕೂತು ಕೇಳಿದವರು. ರಾಜನು ದುಃಸ್ವಪ್ನ ಕಂಡೆನೆಂದಾಗ ತಾಯಿ ಚಂದ್ರಮತಿ ದೇವಿಗೆ ಪ್ರಾಣಿಬಲಿ ಕೊಡೆಂದಳು. ಅವನು ಒಲ್ಲೆನೆಂದನು. ಕೊನೆಗೆ ತಾಯಿಮಗನ ನಡುವೆ ರಾಜಿಯಾಗಿ ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಕಡಿದರು. ಕಡಿದಾಗ ಬೆಂತರವೊಂದು ಹೊಕ್ಕಿದ್ದ ಆ ಹಿಟ್ಟು ಕೂಗಿತು. ಅಷ್ಟಕ್ಕೆ ತಾಯಿಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು ಎಂದು ಭವಭವಗಳಲ್ಲಿ ತೊಳಲಿದರು. ಕೋಳಿ ಹಿಟ್ಟಿನದಾಗಿತ್ತು, ಕಡಿಯುವ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ವಾರೆನ್ ಕೂಡ ಹಿಟ್ಟಿನವನೇ.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಆ ರಾಣಿ ಅಮೃತಮತಿ ಕೊನೆಗೆ ಏನಾದಳೆಂದು ಕೇಳಿದಳು.

‘ಏನಾಗ್ತಾಳ? ನರಕಕ್ಕ ಹೋದ್ಲು’ ಎಂದರು ಅಜ್ಜನವರು.

‘ಅಜ್ಜಾ, ಇದನ್ನ ಹೇಳುವಾಗ ನಿನಗ ಖುಷಿ ಆತು. ಹೌದಿಲ್ಲೋ?’

ಹೌದು, ಆಗಿತ್ತು. ಇಂದಷ್ಟೇ ಅಲ್ಲ, ಅರವತ್ತು ವರ್ಷಗಳಿಂದ ಆಗುತ್ತಲೇ ಇತ್ತು. ಬಸದಿಯಲ್ಲಿ ಆ ಭಾಗ ಬಂದಾಗ ಹಿರಿಯರೆಲ್ಲ ತಲೆದೂಗುತ್ತಿದ್ದುದೂ, ಬಾಲಕನಾದ ತಾನು ಆ ಭಾಗ ಯಾವಾಗ ಬಂದೀತೆಂದು ಕಾಯುತ್ತಿದ್ದುದೂ ಅವರಿಗೆ ನೆನಪಾಯಿತು. ಹಿಂಸೆಯಲ್ಲಿ ಆನಂದಪಡುವುದನ್ನು ಶಾಸ್ತ್ರವು ರೌದ್ರಧ್ಯಾನದ ಮೊದಲನೆಯ ಭೇದವೆಂದು ಎಣಿಸಿದೆ. ಧರ್ಮಕಥೆಯ ಮರೆಯಲ್ಲಿ ನಡೆದರೆ ಅದಕ್ಕೆ ರಿಯಾಯಿತಿಯುಂಟೆಂದು ಎಲ್ಲಿಯೂ ಹೇಳಿಲ್ಲ. ಕರ್ಮಫಲವನ್ನು ತಿಳಿಸಲು ಕವಿ ನರಕವನ್ನು ವರ್ಣಿಸುತ್ತಾನೆ. ಅದನ್ನು ಕೇಳಿ ಬಾಯಿ ಚಪ್ಪರಿಸುವುದು ಕೇಳುಗನ ಸ್ವಂತ ಗಳಿಕೆ. ಅಜ್ಜನವರು ಆ ಸಂಜೆ ಉತ್ತರ ಕೊಡಲಿಲ್ಲ.

ಆದರೆ ನೋಡುವವನ ಕೈಯಲ್ಲಿ ಏನೂ ಇಲ್ಲ, ಕಥೆ ಬರೆದವರಿಗೆ ಬಿಟ್ಟದ್ದು ಎಂಬ ಹುಡುಗಿಯ ಇನ್ನೊಂದು ಮಾತನ್ನು ಒಪ್ಪುವಂತಿಲ್ಲ. ಅಮೆರಿಕದಲ್ಲಿಯೇ 1966ರಿಂದ 1971ರವರೆಗೆ ‘ಡಾರ್ಕ್ ಶ್ಯಾಡೋಸ್’ ಎಂಬ ಧಾರಾವಾಹಿ ಮಧ್ಯಾಹ್ನದ ಹೊತ್ತು ಪ್ರಸಾರವಾಗುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಅದಕ್ಕಾಗಿ ಮನೆಗೆ ಓಡಿಬರುತ್ತಿದ್ದರು. ಜನ ನೋಡುವುದು ಕಡಿಮೆಯಾದಾಗ ಡ್ಯಾನ್ ಕರ್ಟಿಸ್ ಎಂಬ ನಿರ್ಮಾಪಕರು 1967ರಲ್ಲಿ ಬಾರ್ನಬಸ್ ಕಾಲಿನ್ಸ್ ಎಂಬ ರಕ್ತಪಿಶಾಚಿಯನ್ನು ಕಥೆಗೆ ತಂದರು. ಕೆಲವು ವಾರ ಹೆದರಿಸಿದ ಬಳಿಕ ಎದೆಗೆ ಗೂಟ ಹೊಡೆಸಿ ಅವನನ್ನು ಮುಗಿಸುವ ಉದ್ದೇಶವಿತ್ತು. ನಟ ಜೊನಾಥನ್ ಫ್ರಿಡ್ ಅವರ ಮುಖದಲ್ಲಿ ಜನರು ಕ್ರೌರ್ಯದ ಜೊತೆಗೆ ದುಃಖವನ್ನೂ ಕಂಡರು. ಪತ್ರಗಳು ರಾಶಿಯಾಗಿ ಬಂದವು. ಗೂಟ ಉಳಿಯಿತು, ಪಿಶಾಚಿಯೂ ಉಳಿಯಿತು. ಅವನು ಹೀಗೇಕಾದನೆಂದು ತಿಳಿಸಲು ಕಥೆಯನ್ನು 1795ಕ್ಕೆ ಹಿಂದಕ್ಕೆ ಒಯ್ದರು. ಅವನನ್ನು ಗುಣಪಡಿಸಲು ಹೆಣಗುವ ವೈದ್ಯೆಯೂ ಬಂದಳು. ಬರಬರುತ್ತ ಅವನೇ ಕಥಾನಾಯಕನಾದನು. ಅಲ್ಲಿ ನೋಡುಗರ ಕರುಣೆ ಕೆಲಸ ಮಾಡಿತು. ಕ್ರೌರ್ಯವೂ ಹಾಗೆಯೇ ಕೆಲಸ ಮಾಡೀತು. ಕೊಳ್ಳುವವರಿಲ್ಲದ ಸರಕನ್ನು ಯಾವ ವರ್ತಕನೂ ತರಿಸುವುದಿಲ್ಲ. ಈ ಲೆಕ್ಕದಲ್ಲಿ ನೋಡುಗನು ಮೆಚ್ಚುವವನಷ್ಟೇ ಅಲ್ಲ, ಮಾಡಿಸುವವನೂ ಹೌದು.

ಕೋಪವು ಒಳ್ಳೆಯ ದಾರಿ ಹಿಡಿದುದೂ ಉಂಟು. 2016ರಲ್ಲಿ ‘ದ ಹಂಡ್ರೆಡ್’ ಎಂಬ ಬೇರೊಂದು ಧಾರಾವಾಹಿಯಲ್ಲಿ ಲೆಕ್ಸಾ ಎಂಬ ಪಾತ್ರವೂ, ತಾರಾಳಂತೆಯೇ, ತನ್ನ ಪ್ರಿಯತಮೆಯನ್ನು ಕೂಡಿದ ಬೆನ್ನಲ್ಲೇ ಗುರಿತಪ್ಪಿದ ಗುಂಡಿಗೆ ಬಲಿಯಾಯಿತು. ಸಿಟ್ಟಿಗೆದ್ದ ವೀಕ್ಷಕರು, ಎಳೆಯರ ಆತ್ಮಹತ್ಯೆಯನ್ನು ತಡೆಯಲು ದುಡಿಯುವ ಟ್ರೆವರ್ ಪ್ರಾಜೆಕ್ಟ್ ಎಂಬ ಸಂಸ್ಥೆಗೆ ಲಕ್ಷ ಡಾಲರಿಗೂ ಮಿಕ್ಕ ಹಣ ಕೂಡಿಸಿ ಕೊಟ್ಟರು. ಹಿಟ್ಟಿನ ಕೋಳಿ ಕೂಗಿದ್ದು ಅವರಿಗೆ ಸರಿಯಾಗಿಯೇ ಕೇಳಿಸಿತೆನ್ನಬೇಕು.

ಮೇ 21ರಂದು ಆ ವರ್ಷದ ಕೊನೆಯ ಕಂತುಗಳನ್ನು ಅಜ್ಜ ಮೊಮ್ಮಗಳು ಜೊತೆಯಾಗಿ ನೋಡಿದರು. ವಿಲ್ಲೋ ಈಗ ಲೋಕವನ್ನೇ ಸುಡಲು ಹೊರಟಿದ್ದಳು. ಅವಳನ್ನು ತಡೆದವರು ಮಾಟಗಾರರಲ್ಲ, ಬಫಿಯೂ ಅಲ್ಲ; ಬಾಲ್ಯದ ಗೆಳೆಯ ಝ್ಯಾಂಡರ್, ಬಡಗಿಯ ಕೆಲಸ ಮಾಡುವವನು. ಶಿಶುವಿಹಾರದಲ್ಲಿ ಅವಳು ಹಳದಿ ಬಣ್ಣದ ಕಡ್ಡಿಯೊಂದನ್ನು ಮುರಿದು, ಯಾರಿಗೂ ಹೇಳಲಾರದೆ ಅತ್ತಿದ್ದನ್ನು ಅವನು ನೆನಪಿಸಿದನು. ಅವಳ ಪ್ರತಿ ಹೊಡೆತಕ್ಕೂ ಬಿದ್ದು, ಮತ್ತೆ ಎದ್ದು, ನಿನ್ನನ್ನು ಪ್ರೀತಿಸುತ್ತೇನೆಂದಷ್ಟೇ ಹೇಳಿದನು. ಅವಳ ಕೂದಲಿನ ಕಪ್ಪು ಇಳಿಯಿತು. ಮೂಲೆಯ ಕುರ್ಚಿಯವರಿಗೂ ಅಂದು ಕಣ್ಣು ಒರೆಸಿಕೊಳ್ಳಬೇಕಾಯಿತು.

ಮೊಮ್ಮಗಳು ನಿರ್ಮಾಪಕರಿಗೆ ಬರೆದ ಪತ್ರ ಎರಡು ವಾರಗಳಿಂದ ಮೇಜಿನ ಮೇಲೆಯೇ ಇತ್ತು. ತಾರಾಳನ್ನು ಕೊಂದದ್ದು ಅನ್ಯಾಯವೆಂಬ ಮಾತು ಅದರಲ್ಲಿ ಒಂದು ಪುಟದಷ್ಟಿತ್ತು. ವಾರೆನ್‌ಗೆ ತಕ್ಕ ಶಾಸ್ತಿಯಾಯಿತು, ಇನ್ನೂ ಹೆಚ್ಚು ಹೊತ್ತು ನರಳಿಸಬೇಕಿತ್ತು ಎಂಬ ಮಾತು ಎರಡು ಸಾಲು. ಒಂದು ಬೆಳಿಗ್ಗೆ ಅವಳು ಆ ಎರಡು ಸಾಲುಗಳನ್ನು ಹೊಡೆದುಹಾಕಿ, ಪುಟದಷ್ಟನ್ನು ಹಾಗೆಯೇ ಉಳಿಸಿಕೊಂಡು ಹೊಸ ಹಾಳೆಯಲ್ಲಿ ನಕಲು ಮಾಡಿದಳು. ಹೊಡೆದದ್ದೇಕೆಂದು ಅವಳು ಹೇಳಲಿಲ್ಲ. ಅಜ್ಜನವರು ಕೇಳಲೂ ಇಲ್ಲ. ಇಬ್ಬರೂ ನಡೆದುಕೊಂಡೇ ಹೋಗಿ ಅದನ್ನು ಅಂಚೆಗೆ ಹಾಕಿ ಬಂದರು. ಅಜ್ಜನವರು ತಮ್ಮ ಕಿಸೆಯ ಲೆಕ್ಕದ ಪುಸ್ತಕದಲ್ಲಿ ಅಂದಿನ ತಾರೀಖಿನ ಕೆಳಗೆ ಅಂಚೆಚೀಟಿ, 34 ಸೆಂಟ್ ಎಂದು ಬರೆದುಕೊಂಡರು.