ಬೆಂಗ್ರೆಯ ದೋಣಿಯಲ್ಲೊಂದು ಸಂಜೆ

ಮನಸ್ಸಿಗೆ ಬಿಡುವು ಬೇಕೆಂದರೆ ಊಟಿಗೋ ಮುನ್ನಾರಿಗೋ ಹೋಗಬೇಕೆಂದು ನಾವು ತಿಳಿದಿದ್ದೇವೆ. ರಜೆ ಸಿಗುವುದಿಲ್ಲ, ಸಿಕ್ಕಿದರೆ ಹಣ ಸಾಲುವುದಿಲ್ಲ. ಹೀಗೆಯೇ ವರ್ಷಗಳು ಉರುಳುತ್ತವೆ. ಮಂಗಳೂರಿನ ಆಸುಪಾಸಿನವರಾದರೆ ನಿಮಗೊಂದು ಸುಲಭದ ದಾರಿ ಹೇಳುತ್ತೇನೆ. ಅಸರ್ ನಮಾಝ್ ಮುಗಿಸಿ, ಮನೆಯವರನ್ನು ಕರೆದುಕೊಂಡು ಬಂದರಿಗೆ ಹೋಗಿ ಬೆಂಗ್ರೆಯ ದೋಣಿ ಹತ್ತಿರಿ.

ಬೆಂಗ್ರೆಯೆಂದರೆ ಫಲ್ಗುಣಿ ನದಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಚಾಚಿಕೊಂಡಿರುವ ಮರಳಿನ ಪಟ್ಟಿ. ಅದರ ತುದಿಯ ಬಳಿ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಅಳಿವೆ ಬಾಗಿಲಿನ ಮೂಲಕ ಕಡಲು ಸೇರುತ್ತವೆ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದ ಇಬ್ನ್ ಬತೂತಾ, ಪರ್ಷಿಯಾ ಮತ್ತು ಯಮನಿನ ವರ್ತಕರು ಇಲ್ಲಿ ಇಳಿಯುತ್ತಾರೆ, ಕರಿಮೆಣಸು ಮತ್ತು ಶುಂಠಿ ಇಲ್ಲಿ ಹೇರಳ ಎಂದು ದಾಖಲಿಸಿದ್ದಾರೆ. ಇಂದು ಕಣ್ಣಿಗೆ ಬೀಳುವುದು ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮಂಜಿಗಳು ಮತ್ತು ಸಾಲುಗಟ್ಟಿ ನಿಂತ ಮೀನುಗಾರಿಕಾ ಬೋಟುಗಳು.

ಕಳೆದ ತಿಂಗಳು ನಾವು ಹೋದಾಗ ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದ ಹಿರಿಯ ಮಹಿಳೆಯೊಬ್ಬರು ಕುಳಿತಿದ್ದರು. "ನಿಮಗೆ ಇದು ತಿರುಗಾಟ ಮಾಷ್ಟ್ರೇ, ನಮಗೆ ಇದೇ ಬಸ್ಸು" ಎಂದು ನಕ್ಕರು. ನಿಜವೇ. ರಸ್ತೆಯಲ್ಲಿ ಬರಬೇಕಾದರೆ ಅವರು ತಣ್ಣೀರುಬಾವಿ, ಕೂಳೂರು ಎಂದು ಸುತ್ತಬೇಕು. ದೋಣಿಯಲ್ಲಾದರೆ ಕೆಲವೇ ನಿಮಿಷ. ಶಾಲೆಯ ಮಕ್ಕಳಿಗೂ ಕೂಲಿಯವರಿಗೂ ಇದೇ ಆಸರೆ.

ಮರಳುವಾಗ ಬೆಂಗ್ರೆಯ ತೆಂಗಿನ ಮರಗಳ ಹಿಂದೆ ಸೂರ್ಯ ಕೆಂಪಾಗಿದ್ದ. ನೀರು ಸಿಡಿಯುತ್ತದೆಂದು ಎಲ್ಲರ ಮೊಬೈಲ್‌ಗಳೂ ಬ್ಯಾಗ್ ಸೇರಿದ್ದವು. ನಿಕಾಹ್ ನಿಶ್ಚಯವಾಗಿದ್ದ ನನ್ನ ಹಿರಿಯ ಮಗಳು ನೀರನ್ನೇ ನೋಡುತ್ತಾ, "ಅಬ್ಬಾ, ಬಿ.ಎಡ್. ಎರಡನೇ ವರ್ಷ ಮುಗಿಯುವವರೆಗೆ ಮದುವೆಯನ್ನು ಮುಂದೂಡಬಹುದೇ?" ಎಂದು ಕೇಳಿದಳು. ನೆಂಟರು, ಬಟ್ಟೆಬರೆ, ಹಾಲ್ ಬುಕ್ಕಿಂಗ್ ಎಂಬ ಗಡಿಬಿಡಿಯ ಮನೆಯಲ್ಲಿ ಈ ಮಾತಿಗೆ ಎಡೆಯೇ ಸಿಕ್ಕಿರಲಿಲ್ಲ. ನನ್ನ ಪತ್ನಿ ಅವಳ ಕೈ ಹಿಡಿದುಕೊಂಡಳು. ಧಕ್ಕೆ ತಲುಪುವವರೆಗೂ ನಾವು ಅವಳ ಮಾತನ್ನಷ್ಟೇ ಕೇಳಿದೆವು.

ಮರುದಿನವೇ ಹುಡುಗನ ತಂದೆಯನ್ನು ಕಂಡು ವಿಷಯ ತಿಳಿಸಿದೆ. ಮನೆಯಲ್ಲಿ ವಿಚಾರಿಸಿ ಹೇಳುವೆನೆಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಏನೇ ಬಂದರೂ ಮಗಳ ಮಾತು ಅವಳ ಮನಸ್ಸಿನಲ್ಲೇ ಉಳಿಯಲಿಲ್ಲವಲ್ಲ ಎಂಬ ಸಮಾಧಾನ ನಮಗಿದೆ.

ಓದುಗರೇ, ನಿಮ್ಮ ಮನೆಯಲ್ಲೂ ಹೇಳಲು ಸಮಯ ಕಾಯುತ್ತಿರುವ ಮಾತುಗಳು ಇರಬಹುದು. ಮಕ್ಕಳನ್ನು ಎದುರಿಗೆ ಕುಳ್ಳಿರಿಸಿ ಪ್ರಶ್ನಿಸುವುದಕ್ಕಿಂತ, ಅವರ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ. ಅದಕ್ಕೆ ದೋಣಿಯೇ ಬೇಕೆಂದಿಲ್ಲ, ಮನೆಯ ಜಗಲಿಯೂ ಸಾಕು.